ಎಲ್‌ಎನ್‌ಜಿ ಷೇರನ್ನು ಓದುವುದು ಹೇಗೆ: ಪೆಟ್ರೋನೆಟ್ ಲೆಕ್ಕಪತ್ರ ಮುಂದಿಟ್ಟುಕೊಂಡು

ಅನಿಲದ ಬೆಲೆ ಏರಿದರೆ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಕಂಪನಿಗೆ ಹಬ್ಬ ಅಂದುಕೊಂಡು ಪೆಟ್ರೋನೆಟ್ ಎಲ್‌ಎನ್‌ಜಿ ಎಂಬ ಕಂಪನಿಯ ಲೆಕ್ಕಪತ್ರ ತೆರೆದವರಿಗೆ ಎರಡೇ ವರ್ಷದ ಅಂಕಿಗಳು ತಲೆ ಕೆಡಿಸುತ್ತವೆ. 2021-22ರಲ್ಲಿ ವಹಿವಾಟು ಸುಮಾರು 43,000 ಕೋಟಿ ರೂಪಾಯಿ, ನಿವ್ವಳ ಲಾಭ ಸುಮಾರು 3,350 ಕೋಟಿ. ಮರುವರ್ಷ ಉಕ್ರೇನ್ ಯುದ್ಧದಿಂದ ಬೆಲೆ ಮುಗಿಲು ಮುಟ್ಟಿ ವಹಿವಾಟು 60,000 ಕೋಟಿಯ ಹತ್ತಿರಕ್ಕೆ ಬಂತು. ಲಾಭ ಮಾತ್ರ ಸುಮಾರು 3,240 ಕೋಟಿಗೆ ಇಳಿಯಿತು. ಈ ಗಂಟು ಬಿಡಿಸಿದರೆ ಅರ್ಧ ಪಾಠ ಮುಗಿದಂತೆ.

ಮೂಲ ಸಂಗತಿ ಬೇಗ ನೋಡಿಬಿಡೋಣ. ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪು ಮಾಡಿದರೆ ದ್ರವವಾಗುತ್ತದೆ, ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಹಡಗಿನಲ್ಲಿ ಬಂದದ್ದನ್ನು ಬಂದರಿನ ಟರ್ಮಿನಲ್‌ನಲ್ಲಿ ಬೆಚ್ಚಗೆ ಮಾಡಿ ಮತ್ತೆ ಅನಿಲವಾಗಿಸಿ ಪೈಪ್‌ಲೈನಿಗೆ ಬಿಡುತ್ತಾರೆ. ದ್ರವ ಮಾಡುವವರು, ಸಾಗಿಸುವವರು, ಮತ್ತೆ ಅನಿಲ ಮಾಡುವವರು: ಮೂವರನ್ನೂ ‘ಎಲ್‌ಎನ್‌ಜಿ ಕಂಪನಿ’ ಎಂದೇ ಕರೆಯುತ್ತಾರೆ, ಆದರೆ ಮೂವರ ದುಡಿಮೆಯೂ ಬೇರೆ ಬೇರೆ.

ಪೆಟ್ರೋನೆಟ್ ಮೂರನೆಯ ಜಾತಿ. ಹಿಟ್ಟಿನ ಗಿರಣಿ ಇದ್ದ ಹಾಗೆ: ರಾಗಿಯ ದರ ಏನಾದರೂ ಆಗಲಿ, ಗಿರಣಿಯವನಿಗೆ ಸಿಗುವುದು ಬೀಸುವ ಕೂಲಿ. ಕತಾರ್‌ನಿಂದ ವರ್ಷಕ್ಕೆ 75 ಲಕ್ಷ ಟನ್ ಎಲ್‌ಎನ್‌ಜಿಯನ್ನು ಕಂಪನಿ ತನ್ನ ಹೆಸರಿನಲ್ಲೇ ಕೊಳ್ಳುತ್ತದೆ ನಿಜ. ಆದರೆ ಅದು ಸರ್ಕಾರಿ ಕಂಪನಿಗಳಾದ ಗೇಲ್, ಇಂಡಿಯನ್ ಆಯಿಲ್, ಬಿಪಿಸಿಎಲ್‌ಗಳಿಗೆ ಮೊದಲೇ ಮಾರಾಟವಾಗಿರುವ ಸರಕು. ಕೊಂಡ ಬೆಲೆಯೂ ಅವರಿಗೇ ದಾಟುತ್ತದೆ. ಹಾಗಾಗಿ ವಹಿವಾಟಿನ ಅಂಕಿಯಲ್ಲಿ ಹೆಚ್ಚಿನ ಪಾಲು ಬಂದು ಹೋಗುವ ಹಣ. ಬೆಲೆ ಏರಿದಾಗ ಅದು ಊದಿಕೊಳ್ಳುತ್ತದೆ, ಅಷ್ಟೆ. ಜೊತೆಗೆ ಗೊಬ್ಬರ ಕಾರ್ಖಾನೆ, ಟೈಲ್ಸ್ ಘಟಕಗಳಂಥ ಬಳಕೆದಾರರು ದುಬಾರಿಯಾಯಿತೆಂದು ಕೈ ಹಿಂದೆಳೆದರೆ ಬೀಸುವ ಕಾಳೇ ಕಡಿಮೆಯಾಗುತ್ತದೆ.

ಹಾಗಾದರೆ ಲಾಭದ ಲೆಕ್ಕ ಹೀಗೆ ಹಾಕಿ. ಒಂದು ಟನ್ ಎಲ್‌ಎನ್‌ಜಿ ಎಂದರೆ ಸುಮಾರು 52 ಎಂಎಂಬಿಟಿಯು (ಅನಿಲವನ್ನು ಅಳೆದು ಮಾರುವ ಶಾಖದ ಮಾನ) ಶಾಖ. ಗುಜರಾತಿನಲ್ಲಿರುವ ಪೆಟ್ರೋನೆಟ್‌ನ ದಹೇಜ್ ಟರ್ಮಿನಲ್ 2019ರ ವಿಸ್ತರಣೆಯ ನಂತರ ವರ್ಷಕ್ಕೆ 175 ಲಕ್ಷ ಟನ್ ಸಾಮರ್ಥ್ಯಕ್ಕೆ ಬಂತು. ಗುಣಿಸಿದರೆ 91 ಕೋಟಿ ಎಂಎಂಬಿಟಿಯು. ಅಂದರೆ ಅಷ್ಟೂ ಸಾಮರ್ಥ್ಯ ಬಳಕೆಯಾದರೆ ಪ್ರತಿ ಎಂಎಂಬಿಟಿಯು ಕೂಲಿಯಲ್ಲಿ ಒಂದೊಂದು ರೂಪಾಯಿಗೂ ವರ್ಷಕ್ಕೆ 91 ಕೋಟಿ. ಕೂಲಿ 60 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಆದಾಯ 5,460 ಕೋಟಿ. ಬಳಕೆ ಶೇ 80ಕ್ಕೆ ಕುಸಿದರೆ ಸುಮಾರು 1,090 ಕೋಟಿ ಖೋತಾ. ಟರ್ಮಿನಲ್ಲಿನ ಖರ್ಚು ಅಷ್ಟೇ ವೇಗದಲ್ಲಿ ಇಳಿಯುವುದಿಲ್ಲವಾದ್ದರಿಂದ ಈ ಖೋತಾದ ಬಹುಪಾಲು ನೇರ ಲಾಭಕ್ಕೇ ತಟ್ಟುತ್ತದೆ. ಕಂಪನಿ ತ್ರೈಮಾಸಿಕ ಫಲಿತಾಂಶದಲ್ಲಿ ಪ್ರಮಾಣವನ್ನು ಟಿಬಿಟಿಯು ಎಂದು ಕೊಡುತ್ತದೆ. ಒಂದು ಟಿಬಿಟಿಯು ಎಂದರೆ ಹತ್ತು ಲಕ್ಷ ಎಂಎಂಬಿಟಿಯು. ನಾನಂತೂ ಲಾಭಕ್ಕಿಂತ ಮೊದಲು ಆ ಸಾಲನ್ನೇ ಹುಡುಕುತ್ತೇನೆ.

ಸಾಮರ್ಥ್ಯ ಇದ್ದ ಮಾತ್ರಕ್ಕೆ ಬಳಕೆ ಇರುತ್ತದೆ ಎಂದಲ್ಲ ಎನ್ನುವುದಕ್ಕೆ ನಮ್ಮ ಕರಾವಳಿಯವರಿಗೆ ಗೊತ್ತಿರುವ ಉದಾಹರಣೆಯೇ ಇದೆ. ಪೆಟ್ರೋನೆಟ್ 50 ಲಕ್ಷ ಟನ್ನಿನ ಕೊಚ್ಚಿ ಟರ್ಮಿನಲ್ಲನ್ನು 2013ರಲ್ಲಿ ಚಾಲೂ ಮಾಡಿತು. ಅಲ್ಲಿಂದ ಮಂಗಳೂರಿಗೆ ಬರಬೇಕಿದ್ದ ಗೇಲ್‌ನ ಸುಮಾರು 450 ಕಿ.ಮೀ. ಪೈಪ್‌ಲೈನ್ ಕೇರಳದ ಭೂಮಿ ತಕರಾರುಗಳಲ್ಲಿ ಸಿಕ್ಕಿಕೊಂಡು ಉದ್ಘಾಟನೆಯಾದದ್ದು 2021ರ ಜನವರಿಯಲ್ಲಿ. ಅಷ್ಟು ವರ್ಷ ಟರ್ಮಿನಲ್ ಬಹುಪಾಲು ಖಾಲಿ. ಪೈಪ್‌ಲೈನ್ ಬಂದ ಮೇಲೂ ಬಳಕೆ ಶೇ 20-25ರ ಆಸುಪಾಸಿನಲ್ಲೇ ಕುಂಟಿತು. ಹೊಸ ಟರ್ಮಿನಲ್ ಘೋಷಣೆಯಾದಾಗ ಷೇರು ಕೊಳ್ಳಲು ಓಡುವವರು ನಕ್ಷೆ ತೆಗೆದು ಪೈಪ್ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನೋಡಲಿ.

ಅನಿಲವನ್ನು ದ್ರವ ಮಾಡಿ ರಫ್ತು ಮಾಡುವ ಅಮೆರಿಕದ ಶೆನಿಯೆರ್ ಕಂಪನಿಯ ಕಥೆ ಇದಕ್ಕೆ ತಿರುಗಾಮುರುಗಾ. ಆಮದಿಗೆಂದು ಕಟ್ಟಿದ ಸಬೀನ್ ಪಾಸ್ ಟರ್ಮಿನಲ್ಲನ್ನು ಅಲ್ಲಿ ಶೇಲ್ ಎಂಬ ಪದರಗಲ್ಲಿನಿಂದ ತೆಗೆಯುವ ಅನಿಲ ಉಕ್ಕಿದ ಮೇಲೆ ರಫ್ತಿಗೆ ಮಾರ್ಪಡಿಸಿ 2016ರಲ್ಲಿ ಮೊದಲ ಹಡಗು ಕಳಿಸಿತು. ಗ್ರಾಹಕರು ಸರಕು ಎತ್ತದಿದ್ದರೂ ದ್ರವೀಕರಣದ ಶುಲ್ಕ ತೆರಲೇಬೇಕೆಂಬ ಷರತ್ತು ಅದರ ಒಪ್ಪಂದಗಳಲ್ಲಿದೆ. 2020ರಲ್ಲಿ ಬೇಡಿಕೆ ಕುಸಿದು ಗ್ರಾಹಕರು ಸಾಲುಸಾಲಾಗಿ ಹಡಗು ರದ್ದು ಮಾಡಿದರೂ ಶುಲ್ಕ ಬಂತು. ಸಾಲದ ಹೊರೆ ಹೊತ್ತ ಕಂಪನಿಯ ಬೆನ್ನೆಲುಬು ಈ ಷರತ್ತೇ.

ಪೆಟ್ರೋನೆಟ್‌ಗೂ ‘ಬಳಸು ಇಲ್ಲವೇ ಹಣ ಕಟ್ಟು’ ಎಂಬ ಷರತ್ತು ಇದೆ. ಕಾಗದದಲ್ಲಿ. ಬಾಕಿಯನ್ನು ಆದಾಯವಾಗಿ ಬರೆದುಕೊಂಡರೂ ವಸೂಲಿ ಎಳೆದಾಡಿ, ಬಾರದೆ ಹೋದರೆ ಆಗುವ ನಷ್ಟಕ್ಕೆಂದು ಲಾಭದಿಂದ ಹಣವನ್ನೂ ತೆಗೆದಿಡಬೇಕಾಯಿತು. ಕಾರಣ ಊಹಿಸುವುದು ಕಷ್ಟವಲ್ಲ: ಗೇಲ್, ಇಂಡಿಯನ್ ಆಯಿಲ್, ಬಿಪಿಸಿಎಲ್, ಒಎನ್‌ಜಿಸಿ ತಲಾ ಶೇ 12.5 ಪಾಲಿನ ಪ್ರವರ್ತಕರು. ಮೊದಲ ಮೂವರು ದೊಡ್ಡ ಗ್ರಾಹಕರೂ ಹೌದು. ಕೂಲಿ ಕಟ್ಟುವವನೇ ಗಿರಣಿಯ ಪಾಲುದಾರ. ನನ್ನ ಮಟ್ಟಿಗೆ ಈ ಷೇರಿನ ನಿಜವಾದ ರಿಸ್ಕ್ ಇಲ್ಲಿದೆ, ಅನಿಲದ ಬೆಲೆಯಲ್ಲಲ್ಲ.

ಕತಾರ್ ಒಪ್ಪಂದ 2028ಕ್ಕೆ ಮುಗಿಯುವುದಿತ್ತು. 2024ರ ಫೆಬ್ರುವರಿಯಲ್ಲಿ ಅದನ್ನು ಇನ್ನೂ 20 ವರ್ಷಕ್ಕೆ ಮುಂದುವರಿಸಿದರು. ದೊಡ್ಡ ಆತಂಕ ದೂರವಾಯಿತು, ಆದರೂ ಆ ಹಡಗುಗಳು ದಾಟಬೇಕಾದದ್ದು ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಇಕ್ಕಟ್ಟಿನ ಹೊರ್ಮುಜ್ ಜಲಸಂಧಿಯನ್ನೇ.

ಕೊನೆಯದಾಗಿ, ಕೈತುಂಬ ಇರುವ ನಗದು ಎಲ್ಲಿಗೆ ಹೋಗುತ್ತದೆ? 2019ರಲ್ಲಿ ಹ್ಯೂಸ್ಟನ್‌ನಲ್ಲಿ ಅಮೆರಿಕದ ಟೆಲೂರಿಯನ್ ಕಂಪನಿಯ ಡ್ರಿಫ್ಟ್‌ವುಡ್ ಎಂಬ ಎಲ್‌ಎನ್‌ಜಿ ರಫ್ತು ಯೋಜನೆಗೆ 250 ಕೋಟಿ ಡಾಲರ್ ಹಾಕುವ ಪ್ರಾಥಮಿಕ ಒಪ್ಪಂದಕ್ಕೆ ಸಹಿ ಬಿತ್ತು. ಅದು ಮುಂದೆ ಸಾಗಲಿಲ್ಲ, ಷೇರುದಾರರ ಪುಣ್ಯ. 2023ರಲ್ಲಿ ದಹೇಜ್‌ನಲ್ಲೇ 20,685 ಕೋಟಿ ರೂಪಾಯಿಯ ಪೆಟ್ರೋಕೆಮಿಕಲ್ ಘಟಕಕ್ಕೆ ಆಡಳಿತ ಮಂಡಳಿ ಒಪ್ಪಿತು. ಪ್ರೊಪೇನ್ ತಂದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಮಾಡುವ ಈ ಧಂದೆಯಲ್ಲಿ ಕೂಲಿಯ ಭದ್ರತೆ ಇಲ್ಲ, ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರವೇ ಗತಿ. ಪಿಇ ಅನುಪಾತ (ಷೇರಿನ ಬೆಲೆ ಪ್ರತಿ ಷೇರಿನ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ) ಅಗ್ಗ ಕಂಡಿತೆಂದು ಇದನ್ನು ಕೊಳ್ಳುವವರು ಇನ್ನು ಮುಂದೆ ಎರಡು ಬೇರೆ ಧಂದೆಗಳಿಗೆ ಒಂದೇ ಬೆಲೆ ಕಟ್ಟುತ್ತಿದ್ದಾರೆ. ವಾರ್ಷಿಕ ವರದಿಯಲ್ಲಿ ಎರಡರ ಬಂಡವಾಳವನ್ನೂ ಬೇರ್ಪಡಿಸಿ ಓದಿ.