ಆಟದ ತರಗತಿಗೆ ಹೆಸರು ಕೊಡುವ ಕ್ರಮ

ಸೆಮಿಸ್ಟರಿನ ಮೊದಲ ವಾರ ದೈಹಿಕ ಶಿಕ್ಷಣ ವಿಭಾಗದ ಬಾಗಿಲಲ್ಲಿ ನಿಲ್ಲುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬರುವುದು ಆಡುವುದಕ್ಕಲ್ಲ, ಹೆಸರು ಬದಲಿಸಿಕೊಡಿ ಎಂದು ಕೇಳುವುದಕ್ಕೆ. ಒಬ್ಬರಿಗೆ ಬ್ಯಾಡ್ಮಿಂಟನ್ ಬೇಕಿತ್ತು, ಯೋಗ ಸಿಕ್ಕಿದೆ; ಇನ್ನೊಬ್ಬರಿಗೆ ಯೋಗವೇ ಬೇಕಿತ್ತು, ಆದರೆ ಆ ಹೊತ್ತಿಗೆ ಊರಿನ ಬಸ್ಸು ಹೊರಟುಹೋಗುತ್ತದೆ; ಮತ್ತೊಬ್ಬರು ಹೆಸರು ಕೊಟ್ಟದ್ದು ನಿಜ, ಪಟ್ಟಿಯಲ್ಲಿ ಕಾಣುವುದಿಲ್ಲ. ಕಾಸರಗೋಡಿನಲ್ಲಿ ಹಲವು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಪಟ್ಟಿ ತುಂಬಿದ್ದರೂ ಮೈದಾನ ಖಾಲಿಯಾಗಿದ್ದರೆ, ಅದರ ಕಾರಣವನ್ನು ಮಕ್ಕಳ ಸೋಮಾರಿತನದಲ್ಲಿ ಹುಡುಕುವ ಮೊದಲು ನಾವು ಹೆಸರು ಬರೆಸಿಕೊಂಡ ಕ್ರಮದಲ್ಲಿ ಹುಡುಕಬೇಕು.

ಮೊದಲು ಈ ತೊಂದರೆ ಇಷ್ಟಿರಲಿಲ್ಲ, ಏಕೆಂದರೆ ಮೈದಾನಕ್ಕೆ ಬರುತ್ತಿದ್ದವರು ತಂಡದ ಆಟಗಾರರು ಮಾತ್ರ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಹೊರಡಿಸಿದ ಪದವಿ ಪಠ್ಯಕ್ರಮದ ಚೌಕಟ್ಟು ಆರೋಗ್ಯ, ಯೋಗ, ಕ್ರೀಡೆ ಮತ್ತು ದೈಹಿಕ ಕ್ಷಮತೆಯನ್ನು ಮೌಲ್ಯವರ್ಧಿತ ಕೋರ್ಸುಗಳ ಸಾಲಿಗೆ ಸೇರಿಸಿತು. ಕೇರಳದಲ್ಲಿ ನಾಲ್ಕು ವರ್ಷದ ಪದವಿ ತರಗತಿಗಳು 2024ರ ಜುಲೈ 1ರಂದು ಆರಂಭವಾದವು. ಅಲ್ಲಿಂದ ಈಚೆಗೆ, ಜೀವಮಾನದಲ್ಲಿ ರ್‍ಯಾಕೆಟ್ ಹಿಡಿಯದವರೂ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟಿಗಾಗಿ ಹೆಸರು ಕೊಡುವ ಸ್ಥಿತಿ ಬಂದಿದೆ. ಇದು ಒಳ್ಳೆಯದೇ. ಆದರೆ ಆಟಗಾರರನ್ನು ಆರಿಸುವ ಕ್ರಮ ಬೇರೆ, ಎಲ್ಲರಿಗೂ ಸೀಟು ಹಂಚುವ ಕ್ರಮ ಬೇರೆ.

ಹಂಚುವ ಮೊದಲು ಸೀಟು ಎಷ್ಟು ಎಂದು ತಿಳಿದಿರಬೇಕು. ಕಚೇರಿಯವರು ಸಾಮಾನ್ಯವಾಗಿ ತರಗತಿ ಕೋಣೆಯ ಲೆಕ್ಕದಲ್ಲಿ ‘ಒಂದು ಬ್ಯಾಚಿಗೆ 40’ ಎಂದು ಬರೆದುಬಿಡುತ್ತಾರೆ. ಮೈದಾನಕ್ಕೆ ಬೆಂಚಿನ ಲೆಕ್ಕ ಒಗ್ಗುವುದಿಲ್ಲ. ಎರಡು ಬ್ಯಾಡ್ಮಿಂಟನ್ ಕೋರ್ಟುಗಳಿದ್ದರೆ ಒಂದು ಹೊತ್ತಿಗೆ ಆಡಬಹುದಾದವರು ಎಂಟು ಮಂದಿ. ಎರಡು ಗಂಟೆಯ ತರಗತಿಯಲ್ಲಿ ಮೈ ಬಿಸಿ ಮಾಡಲು ಮತ್ತು ಕೊನೆಗೆ ಸಡಿಲಿಸಲು ಅರ್ಧ ಗಂಟೆ ತೆಗೆದರೆ ಉಳಿಯುವುದು 90 ನಿಮಿಷ. ಬ್ಯಾಚಿನಲ್ಲಿ 24 ಮಂದಿ ಇದ್ದರೆ ಒಬ್ಬೊಬ್ಬರಿಗೆ 30 ನಿಮಿಷ ಕೋರ್ಟು ಸಿಗುತ್ತದೆ, 40 ಮಂದಿ ಇದ್ದರೆ 18 ನಿಮಿಷ. ಉಳಿದ ಹೊತ್ತೆಲ್ಲ ಗೋಡೆಗೆ ಒರಗಿ ಮೊಬೈಲು ನೋಡುವ ವಿದ್ಯಾರ್ಥಿ ಮೂರನೆಯ ವಾರದಿಂದ ಬರುವುದನ್ನೇ ಬಿಡುತ್ತಾನೆ. ಅವನನ್ನು ಬಯ್ದು ಪ್ರಯೋಜನವಿಲ್ಲ. ಆದ್ದರಿಂದ ಸೀಟಿನ ಸಂಖ್ಯೆಯನ್ನು ಆಟವೇ ಹೇಳಬೇಕು, ಕಚೇರಿಯಲ್ಲ.

ಇನ್ನು ಯಾರಿಗೆ ಯಾವ ಸೀಟು ಎಂಬ ಪ್ರಶ್ನೆ. ಮೊದಲು ಬಂದವರಿಗೆ ಮೊದಲು ಎಂಬ ನಿಯಮ ನೋಡಲು ನ್ಯಾಯವಾಗಿಯೇ ಕಾಣುತ್ತದೆ, ನಾನೂ ಅದನ್ನೇ ನಂಬಿದ್ದೆ. ಒಂದು ವರ್ಷ ಬೆಳಗ್ಗೆ ಒಂಬತ್ತಕ್ಕೆ ಗೂಗಲ್ ಫಾರ್ಮ್ ತೆರೆದೆ. ಏಳು ನಿಮಿಷದೊಳಗೆ ಬ್ಯಾಡ್ಮಿಂಟನ್ ತುಂಬಿತ್ತು. ಪಟ್ಟಿ ನೋಡಿದರೆ ಮುಕ್ಕಾಲು ಪಾಲು ಹಾಸ್ಟೆಲಿನವರು ಮತ್ತು ಪೇಟೆಯವರು. ಮಧ್ಯಾಹ್ನ ದೇಲಂಪಾಡಿ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಬಂದು, “ಟೀಚರ್, ನಮ್ಮಲ್ಲಿ ರೇಂಜ್ ಇಲ್ಲ. ಬಸ್ಸಿನಲ್ಲಿ ಮುಳ್ಳೇರಿಯಾ ಮುಟ್ಟಿ ನೋಡುವಾಗ ಫುಲ್ ಆಗಿತ್ತು” ಎಂದಳು. ಅವಳು ತಡಮಾಡಿರಲಿಲ್ಲ. ನನ್ನ ಫಾರ್ಮ್ ಅಳೆದದ್ದು ಆಸಕ್ತಿಯನ್ನಲ್ಲ, ಮೊಬೈಲ್ ಟವರಿನಿಂದ ಮನೆಗಿರುವ ದೂರವನ್ನು.

ಮರುಸಲದಿಂದ ಫಾರ್ಮನ್ನು ನಾಲ್ಕು ದಿನ ತೆರೆದಿಡುತ್ತಿದ್ದೇನೆ. ಮೊಬೈಲಿನಲ್ಲಿ ಆಗದವರು ವಿಭಾಗಕ್ಕೆ ಬಂದು ಕಾಗದದಲ್ಲಿ ಬರೆದು ಕೊಡಬಹುದು. ಯಾವಾಗ ಕೊಟ್ಟರು ಎಂಬುದಕ್ಕೆ ಬೆಲೆಯಿಲ್ಲ. ಎಲ್ಲ ಚಟುವಟಿಕೆಗಳನ್ನೂ ತಮಗೆ ಬೇಕಾದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಬರೆದರೆ ಸಾಕು. ಐದನೆಯ ದಿನ ಊಟದ ಬಿಡುವಿನಲ್ಲಿ ಎಲ್ಲರೆದುರು ಚೀಟಿ ಎತ್ತುತ್ತೇವೆ. ಇನ್ನೂರಕ್ಕೂ ಮೀರಿದ ಹೆಸರುಗಳಿಗೆ ಇನ್ನೂರು ಚೀಟಿ ಬೇಕಾಗಿಲ್ಲ. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಚೀಟಿಗಳನ್ನು ಒಂದು ಸ್ಟೀಲ್ ಲೋಟದಲ್ಲಿ ಹಾಕಿ, ಯಾರಾದರೂ ಒಬ್ಬ ವಿದ್ಯಾರ್ಥಿಯಿಂದ ಒಂದೊಂದಾಗಿ ಎತ್ತಿಸುತ್ತೇನೆ. ಪ್ರವೇಶ ಸಂಖ್ಯೆಯ ಕೊನೆಯ ಅಂಕಿಯ ಸರದಿ ಅದು. ಮೊದಲು 7 ಬಂದರೆ, ಸಂಖ್ಯೆ 7ರಲ್ಲಿ ಮುಗಿಯುವವರೆಲ್ಲ ಮುಂದೆ. ಅವರೊಳಗಿನ ಸರದಿಗೆ ಇನ್ನೊಮ್ಮೆ ಎತ್ತಿ ಹತ್ತರ ಸ್ಥಾನದ ಅಂಕಿ ನೋಡುತ್ತೇವೆ. ಎರಡು ಅಂಕಿಯೂ ಒಂದೇ ಆದವರು ಇಬ್ಬರೋ ಮೂವರೋ ಇರುತ್ತಾರೆ. ಈ ಸೆಮಿಸ್ಟರಿನಲ್ಲಿ ಚಿಕ್ಕ ಸಂಖ್ಯೆಯವರು ಮೊದಲಾದರೆ ಮುಂದಿನದರಲ್ಲಿ ದೊಡ್ಡ ಸಂಖ್ಯೆಯವರು. ಸರದಿ ಬಂದವರಿಗೆ ಅವರು ಬರೆದ ಕ್ರಮದಲ್ಲಿ ಆಗ ಖಾಲಿ ಇರುವ ಮೊದಲ ಸೀಟು. ಯಾರೂ ಲೆಕ್ಕಾಚಾರ ಮಾಡಿ ಸುಳ್ಳು ಆಯ್ಕೆ ಬರೆಯುವ ಅಗತ್ಯ ಇದರಲ್ಲಿಲ್ಲ, ತನ್ನ ಸರದಿ ಎಲ್ಲಿ ಬಂತು ಎಂಬುದನ್ನು ಪ್ರತಿಯೊಬ್ಬರೂ ತಾವೇ ಎಣಿಸಿ ನೋಡಬಹುದು. ಕಂಪ್ಯೂಟರಿನಲ್ಲೂ ಇದನ್ನು ಕ್ಷಣದಲ್ಲಿ ಮಾಡಬಹುದೆಂದು ಸಹೋದ್ಯೋಗಿಗಳು ಹೇಳುತ್ತಾರೆ; ಆದರೆ ಲೋಟದ ಬಗ್ಗೆ ಇದುವರೆಗೆ ಯಾರೂ ದೂರು ತಂದಿಲ್ಲ.

ಗುರುತಿಗೆ ಪ್ರವೇಶ ಸಂಖ್ಯೆಯನ್ನೇ ಹಿಡಿಯಲು ಇನ್ನೊಂದು ಕಾರಣವಿದೆ. ನಮ್ಮಲ್ಲಿ ಒಂದೇ ಹೆಸರು ಕನ್ನಡ, ಮಲಯಾಳ, ಇಂಗ್ಲಿಷ್ ಪಟ್ಟಿಗಳಲ್ಲಿ ಮೂರು ಬಗೆಯಾಗಿರುತ್ತದೆ, ಇನಿಶಿಯಲ್ ಒಂದರಲ್ಲಿ ಹಿಂದೆ ಇದ್ದರೆ ಇನ್ನೊಂದರಲ್ಲಿ ಮುಂದೆ. ಹೆಸರಿನಿಂದ ಪಟ್ಟಿ ತಾಳೆ ನೋಡಿದರೆ ಒಬ್ಬಳೇ ಎರಡು ಬ್ಯಾಚಿನಲ್ಲಿ ಸೇರಿ, ಮತ್ತೊಬ್ಬಳು ಎಲ್ಲಿಯೂ ಇಲ್ಲದಂತಾಗುತ್ತದೆ.

ಬದಲಾವಣೆಗೆ ಕಡೆಯ ದಿನ ಯಾವುದು ಎಂಬುದರಲ್ಲಿ ನಾನು ಸ್ವಲ್ಪ ಕಠಿಣ. ಪ್ರಾಯೋಗಿಕ ತರಗತಿಯಲ್ಲಿ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಎರಡು ಗಂಟೆಯಂತೆ 15 ವಾರ, ಒಟ್ಟು 30 ಗಂಟೆ. ಶೇಕಡಾ 75 ಹಾಜರಿ ಬೇಕೆಂದರೆ 15ರಲ್ಲಿ 12 ತರಗತಿಗೆ ಬರಲೇಬೇಕು. ನಾಲ್ಕನೆಯ ವಾರದಲ್ಲಿ ಸೇರಿಸಿಕೊಂಡ ವಿದ್ಯಾರ್ಥಿಗೆ ಉಳಿಯುವುದು ಸರಿಯಾಗಿ 12. ಒಂದು ಜ್ವರ ಬಂದರೆ ಅವನ ಹಾಜರಿ ಸಾಲದು. ‘ಪಾಪ, ಸೇರಿಸಿಕೊಳ್ಳೋಣ’ ಎಂದು ಅಂದು ತೋರಿದ ಕರುಣೆ ಸೆಮಿಸ್ಟರಿನ ಕೊನೆಗೆ ಅವನಿಗೇ ಮುಳುವಾಗುತ್ತದೆ. ಆದ್ದರಿಂದ ಎರಡನೆಯ ವಾರದ ಶುಕ್ರವಾರ ಸಂಜೆಗೆ ಪಟ್ಟಿ ಮುಚ್ಚುತ್ತೇನೆ. ಮೊದಲ ತರಗತಿಗೆ ಬಾರದೆ, ತಿಳಿಸದೆ ಇದ್ದವರ ಸೀಟು ವೈಟಿಂಗ್ ಲಿಸ್ಟಿನ ಮೊದಲಿಗರಿಗೆ ಹೋಗುತ್ತದೆ. ಈ ನಿಯಮವನ್ನು ಫಾರ್ಮಿನ ನೆತ್ತಿಯಲ್ಲೇ ಬರೆದಿರಬೇಕು. ಆಮೇಲೆ ಹೇಳಿದರೆ ಅದು ಶಿಕ್ಷೆಯಂತೆ ಕೇಳಿಸುತ್ತದೆ.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು, ಮೊದಲ ಸೆಮಿಸ್ಟರ್ ಶುರುವಾಗುವುದೂ ಮಳೆಗಾಲದಲ್ಲೇ. ಮುರಕಲ್ಲಿನ ನೆಲದಲ್ಲಿ ಪಾಚಿ ಹಿಡಿದರೆ ಕಬಡ್ಡಿ ಆಡಿಸುವಂತಿಲ್ಲ, ಆ ಬ್ಯಾಚನ್ನು ಒಳಗೆ ತರಬೇಕು. ಹಾಗಾಗಿ ಜುಲೈಯಲ್ಲಿ ಬ್ಯಾಡ್ಮಿಂಟನ್ ಮತ್ತು ಕಬಡ್ಡಿಯನ್ನು ಒಂದೇ ಹೊತ್ತಿಗೆ ಇಟ್ಟ ಟೈಮ್ ಟೇಬಲ್ ಕಾಗದದಲ್ಲಿ ಮಾತ್ರ ನಡೆಯುತ್ತದೆ.

ಆರೋಗ್ಯದ ವಿವರವನ್ನು ಸೀಟು ಹಂಚಿದ ಮೇಲೆ, ಪ್ರತ್ಯೇಕ ಕಾಗದದಲ್ಲಿ ಕೇಳುವುದು ಮೇಲು. ಹೃದಯದ ತೊಂದರೆ, ಎದೆನೋವು, ತಲೆಸುತ್ತು, ಕೀಲುನೋವು, ಸೇವಿಸುತ್ತಿರುವ ಔಷಧ ಮುಂತಾದವನ್ನು ವಿಚಾರಿಸುವ ‘ಪಾರ್-ಕ್ಯೂ’ ಎಂಬ ಏಳು ಪ್ರಶ್ನೆಗಳ ಪತ್ರವೊಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದರ ಧಾಟಿಯಲ್ಲಿ ನಾವು ಕನ್ನಡ ಮತ್ತು ಮಲಯಾಳದಲ್ಲಿ ಒಂದು ಪುಟ ಮಾಡಿಕೊಂಡಿದ್ದೇವೆ. ಒಂದಕ್ಕೆ ‘ಹೌದು’ ಎಂದರೂ ವೈದ್ಯರ ಮಾತು ಕೇಳಿ ಮುಂದುವರಿಯುತ್ತೇವೆ. ಈ ಉತ್ತರಗಳು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಕೂಡದು. ಅಪಸ್ಮಾರವಿರುವ ಹುಡುಗಿ ಅದನ್ನು ನನಗೆ ಹೇಳಬೇಕು, ಬ್ಯಾಚಿಗಲ್ಲ. ಅಂಗವಿಕಲ ವಿದ್ಯಾರ್ಥಿಗಳಿಗೆ ವಿನಾಯಿತಿ ಕೊಟ್ಟು ಕಳುಹಿಸುವ ಹಳೆಯ ವಾಡಿಕೆಯನ್ನೂ ಬಿಡಬೇಕಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ಅವರಿಗೆ ಕನಿಷ್ಠ ಶೇಕಡಾ 5 ಸೀಟು ಮೀಸಲಿಟ್ಟಿದೆ. ಎಂಡೋಸಲ್ಫಾನ್ ಬಾಧಿಸಿದ ಎಣ್ಮಕಜೆ, ಬೆಳ್ಳೂರಿನಂಥ ಗ್ರಾಮಗಳಿರುವ ಜಿಲ್ಲೆಯಲ್ಲಿ, ಒಳಗೆ ಬಂದವರನ್ನು ಮೈದಾನದ ಅಂಚಿನಲ್ಲಿ ಕೂರಿಸುವುದು ನನಗಂತೂ ಒಪ್ಪಿಗೆಯಿಲ್ಲ. ಯೋಗ, ಚೆಸ್, ನಡಿಗೆ ಈ ಮೂರರಲ್ಲಿ ಚೀಟಿ ಎತ್ತುವ ಮೊದಲೇ ಅವರ ಸೀಟು ತೆಗೆದಿರಿಸುತ್ತೇನೆ.

ದೇಲಂಪಾಡಿಯ ಆ ವಿದ್ಯಾರ್ಥಿನಿಗೆ ಮುಂದಿನ ಸೆಮಿಸ್ಟರಿನ ಚೀಟಿಯಲ್ಲೂ ಬ್ಯಾಡ್ಮಿಂಟನ್ ಬರಲಿಲ್ಲ, ಅವಳು ಎರಡನೆಯದಾಗಿ ಬರೆದಿದ್ದ ಕಬಡ್ಡಿ ಬಂತು. ಬದಲಿಸಿಕೊಡಿ ಎಂದು ಅವಳು ಕೇಳಲಿಲ್ಲ. ಕೊನೆಯ ಬಸ್ಸಿಗಾಗಿ ಹತ್ತು ನಿಮಿಷ ಮೊದಲು ಬಿಡಬಹುದೇ ಎಂದು ಮಾತ್ರ ಕೇಳಿದಳು. ವಿಚಾರಿಸಿದಾಗ ಅದೇ ಬಸ್ಸಿಗೆ ಓಡುವವರು ಆ ಬ್ಯಾಚಿನಲ್ಲಿ ಇನ್ನೂ ಐದು ಮಂದಿ ಇದ್ದರು. ತರಗತಿಯನ್ನು ಕಾಲು ಗಂಟೆ ಮೊದಲೇ ಶುರುಮಾಡಿ ಮೊದಲೇ ಮುಗಿಸುವಂತೆ ಮಾಡಿದೆವು. ಈಗ ಫಾರ್ಮಿನಲ್ಲಿ ಆಯ್ಕೆಗಳ ಕೆಳಗೆ, ಊರಿಗೆ ಹೋಗುವ ಬಸ್ಸು ಎಷ್ಟು ಗಂಟೆಗೆ ಎಂಬ ಪ್ರಶ್ನೆಯೂ ಇದೆ.