ಗುಳುಮುಳುಕನ ತೇಲುಗೂಡು

ಸೊನ್ನಲಿಗೆಯ ಸಿದ್ಧರಾಮರು ಕಟ್ಟಿಸಿದ ಕೆರೆ ಸೊಲ್ಲಾಪುರದ ನಡುವೆ ಇವತ್ತಿಗೂ ಇದೆ. ಊರಾಚೆ ಹಿಪ್ಪರಗಾ ಕೆರೆ. ಈ ಸೀಮೆಯ ಜೊಂಡು ಬೆಳೆದ ಕೆರೆಗಳಲ್ಲಿ ಈಜುವ ಗುಳುಮುಳುಕ ಹಕ್ಕಿಯನ್ನು ಅನೇಕರು ಬಾತುಮರಿ ಎಂದೇ ಬಗೆಯುತ್ತಾರೆ. ಕೊಕ್ಕು ನೋಡಿ: ಚಪ್ಪಟೆಯಲ್ಲ, ಚೂಪು. ಬಾಲ ಇಲ್ಲವೇ ಇಲ್ಲ ಎನ್ನುವಷ್ಟು ಮೋಟು. ಉದ್ದ 25ರಿಂದ 29 ಸೆಂ.ಮೀ., ತೂಕ 200 ಗ್ರಾಂ ಆಸುಪಾಸು. ಬಾತಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ವಂಶವಾಹಿಗಳನ್ನು ಹೋಲಿಸಿದಾಗ ಇದರ ಆಪ್ತ ಬಂಧುವಾಗಿ ಕಂಡದ್ದು, ಉಜನಿ ಹಿನ್ನೀರಿಗೆ ಹಿಂಡುಹಿಂಡಾಗಿ ಬರುವ ನೀಳಗಾಲಿನ ಫ್ಲೆಮಿಂಗೊ!

ಗುಳುಮುಳುಕನ ಕಾಲುಗಳಿರುವುದು ದೇಹದ ತೀರ ಹಿಂತುದಿಯಲ್ಲಿ. ಒಂದೊಂದು ಬೆರಳಿಗೂ ಬೇರೆಬೇರೆಯಾಗಿ ಅಗಲವಾದ ಚರ್ಮದ ಪಟ್ಟಿಗಳಿವೆ. ಹಿಂದಕ್ಕೆ ಒದ್ದಾಗ ಅವು ಬಿಚ್ಚಿಕೊಂಡು ನೀರು ತಳ್ಳುತ್ತವೆ, ಮುಂದಕ್ಕೆ ಎಳೆದಾಗ ಮಡಚಿಕೊಳ್ಳುತ್ತವೆ. ಪುಕ್ಕಗಳನ್ನು ಮೈಗೆ ಒತ್ತಿ ಗಾಳಿ ಹೊರದೂಡಿದರೆ ಸದ್ದಿಲ್ಲದೆ ಮುಳುಗಬಲ್ಲದು. ಒಂದು ಮುಳುಗು ಸಾಮಾನ್ಯವಾಗಿ 10ರಿಂದ 25 ಸೆಕೆಂಡು. ಅಷ್ಟರಲ್ಲಿ ನೀರಹುಳು, ಗೊದಮೊಟ್ಟೆ, ಸಣ್ಣ ಮೀನು ಸಿಕ್ಕಿರುತ್ತದೆ. ಆದರೆ ಅದೇ ಕಾಲುಗಳಿಂದ ನೆಲದ ಮೇಲೆ ನಡೆಯುವುದು ಕಷ್ಟ. ಆದ್ದರಿಂದ ಗೂಡೂ ನೀರಿನಲ್ಲೇ.

ಗಂಡು ಹೆಣ್ಣು ಎರಡೂ ಕೊಳೆತ ಪಾಚಿ, ಜೊಂಡಿನ ಚೂರು ತಂದು ಒಟ್ಟಿ, ಆ ರಾಶಿಯನ್ನು ನಿಂತ ಜೊಂಡಿಗೆ ಸಿಕ್ಕಿಸುತ್ತವೆ. ಮಳೆಗಾಲದ ಹೊತ್ತಿಗೆ ಇವುಗಳ ಕೆನ್ನೆ, ಕೊರಳು ಕೆಂಗಂದು. ಕೊಕ್ಕಿನ ಬುಡದಲ್ಲಿ ತಿಳಿಹಳದಿ ಚುಕ್ಕೆ. ಬಿಳಿ ಮೊಟ್ಟೆಗಳು ಬರಬರುತ್ತ ಒದ್ದೆ ಸೊಪ್ಪಿನ ಕಲೆ ಹತ್ತಿ ಕಂದಾಗುತ್ತವೆ. ಯಾರಾದರೂ ಹತ್ತಿರ ಬಂದರೆ ಹಕ್ಕಿ ಅವುಗಳ ಮೇಲೆ ಪಾಚಿ ಎಳೆದು ಮುಚ್ಚಿ ಮುಳುಗಿಬಿಡುತ್ತದೆ. ಉಳಿಯುವುದು ಕಸದ ಗುಡ್ಡೆಯಂತೆ ಕಾಣುವ ಒಂದು ರಾಶಿ ಮಾತ್ರ. ಗೂಡು ನೀರಿನೊಂದಿಗೆ ತುಸು ಏರಿಳಿಯಬಲ್ಲದು. ಒಮ್ಮೆಲೇ ಪ್ರವಾಹ ಬಂದರೆ ಕಿತ್ತುಹೋಗುತ್ತದೆ, ನೀರು ಬೇಗ ಇಳಿದರೆ ಕೆಸರಿನಲ್ಲಿ ಕೂತು ನಾಯಿಗಳ ಪಾಲಾಗುತ್ತದೆ.

ಸುಮಾರು 20 ದಿನಗಳಿಗೆ ಪಟ್ಟೆಪಟ್ಟೆಯ ಮರಿಗಳು ಹೊರಬಂದು ತಂದೆತಾಯಿಯ ಬೆನ್ನೇರುತ್ತವೆ. ಹಾರಲು ಬರುವುದಕ್ಕೆ ಇನ್ನೂ ಆರೇಳು ವಾರ ಬೇಕು. ಹೀಗಾಗಿ ಕೆರೆ ಚೊಕ್ಕಟ ಮಾಡುವ ಹುರುಪಿನಲ್ಲಿ ಮಳೆಗಾಲದಲ್ಲೇ ದಡದುದ್ದಕ್ಕೂ ಜೊಂಡು ಕೊಯ್ದರೆ ಆ ವರ್ಷದ ಸಂತಾನವೇ ಹೋದಂತೆ. ಅಂತರಗಂಗೆ ಎಂಬ ತೇಲುವ ಕಳೆ ಕೆರೆಯನ್ನು ಪೂರ್ತಿ ಮುಚ್ಚಿದರೂ ಕೇಡೇ: ಮುಳುಗಲು ಬಯಲುನೀರಿಲ್ಲ, ಮೇಲೇಳಲು ನೀರಿನ ಮೇಲೆ ಓಡುವಷ್ಟು ಜಾಗವಿಲ್ಲ. ಅಂತರಗಂಗೆಯನ್ನು ತೆಗೆಯಲೇಬೇಕು, ಜೊಂಡನ್ನು ಮರಿಗಳು ಹಾರಿದ ಮೇಲೆ, ಅದೂ ಒಂದು ಬದಿಯದನ್ನು ಉಳಿಸಿಕೊಂಡೇ ಕೊಯ್ಯಬೇಕು.