ಜೇಬಿನಲ್ಲಿ ಇನ್ನೊಂದು ಮ್ಯಾಗಜಿನ್ ಬೇಕಾ?

ಪ್ರಶ್ನೆ: "ಡಲ್ಲಾಸ್ ಹತ್ತಿರ ಇದ್ದೇವೆ. ಗ್ರೀನ್ ಕಾರ್ಡ್ ಬಂದ ಮೇಲೆ ಪಿಸ್ತೂಲು ತೆಗೆದುಕೊಂಡೆ. ಹೊರಗೆ ಹೋಗುವಾಗ ಅಂಗಿಯೊಳಗೆ ಸೊಂಟದಲ್ಲಿ ಇರುತ್ತದೆ. ಅದರಲ್ಲೇ ಹತ್ತು ಗುಂಡು ಇವೆ. ಗುಂಡು ತುಂಬಿದ ಇನ್ನೊಂದು ಡಬ್ಬಿ, ಅದೇ ಮ್ಯಾಗಜಿನ್, ಬೇರೆ ಹೊರಬೇಕಾ?"

ಹೊರಬೇಕು. ಶನಿವಾರ ಶೂಟಿಂಗ್ ರೇಂಜಿನಲ್ಲಿ ಹೊಸಬರಿಗೆ ಕಲಿಸುವಾಗ ಈ ಪ್ರಶ್ನೆ ಬಾರದ ದಿನವೇ ಇಲ್ಲ. ಕೇಳಿದವರ ಬಾಯಲ್ಲಿ ಮುಂದಿನ ಮಾತೂ ರೆಡಿ ಇರುತ್ತದೆ: "ಮೂರು ಗಜ, ಮೂರು ಸೆಕೆಂಡು, ಮೂರು ಗುಂಡು. ಅಷ್ಟರಲ್ಲೇ ಎಲ್ಲ ಮುಗಿಯುತ್ತದಂತೆ, ಅಲ್ವಾ?"

ಈ ಮೂರರ ಮಗ್ಗಿಯನ್ನು ದಯವಿಟ್ಟು ಬಿಟ್ಟುಬಿಡಿ. ಅದು ಸರಾಸರಿಯ ಮಾತು. ನಿಮ್ಮ ಮೇಲೆ ಬೀಳುವವನು ಸರಾಸರಿ ನೋಡಿಕೊಂಡು ಬರುವುದಿಲ್ಲ. ಇನ್ನೊಂದು ವಿಷಯ. ಹಾರಿದ ಗುಂಡೆಲ್ಲ ತಾಗುತ್ತದೆ ಎಂದು ಯಾರು ಹೇಳಿದರು? ನ್ಯೂಯಾರ್ಕ್ ಪೊಲೀಸರ ಗುಂಡಿನ ಕಾಳಗಗಳನ್ನು ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2008ರಲ್ಲಿ ಲೆಕ್ಕ ಹಾಕಿತ್ತು. 1998ರಿಂದ 2006ರವರೆಗೆ, ಎದುರಿನವನೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರ ಗುಂಡು ತಾಗಿದ್ದು ನೂರಕ್ಕೆ 18 ಮಾತ್ರ. ತರಬೇತಿ ಪಡೆದವರದ್ದೇ ಈ ಸ್ಥಿತಿ. ಗುರಿ ತಪ್ಪಿದ ಒಂದೊಂದು ಗುಂಡೂ ಯಾರದ್ದೋ ಗೋಡೆಗೆ, ಕಾರಿಗೆ, ಮೈಗೆ ಹೋಗಿ ನಿಲ್ಲುತ್ತದೆ. ಅದಕ್ಕೆ ಹೊಣೆ ಹಾರಿಸಿದವರೇ.

ಇಷ್ಟು ಹೇಳಿದರೆ ಕೆಲವರು ಇನ್ನೊಂದು ಕಡೆ ವಾಲುತ್ತಾರೆ. "ಹಾಗಾದರೆ ಗುಂಡು ಜಾಸ್ತಿ ಬೇಕು ಅಂತ ತಾನೇ?" ಅಲ್ಲ. ಗುಂಡಿನ ಲೆಕ್ಕವೇ ಇಲ್ಲಿ ಮುಖ್ಯವಲ್ಲ. ಕಾರಿನಲ್ಲಿ ಸ್ಟೆಪ್ನಿ ಇಡುವುದು ಜಾಸ್ತಿ ದೂರ ಹೋಗೋಕಾ? ಪಂಕ್ಚರ್ ಆದರೆ ಇರಲಿ ಅಂತ.

ಪಿಸ್ತೂಲಿನಲ್ಲಿ ಪಂಕ್ಚರ್ ಆಗುವ ಭಾಗ ಮ್ಯಾಗಜಿನ್. ಉಳಿದದ್ದೆಲ್ಲ ದಪ್ಪ ಲೋಹ, ಗಟ್ಟಿ ಚೌಕಟ್ಟು. ಇದು ಮಾತ್ರ ತೆಳು ಡಬ್ಬಿ, ಒಳಗೊಂದು ಸ್ಪ್ರಿಂಗ್, ಮೇಲೆ ಗುಂಡನ್ನು ಹಿಡಿದಿಡುವ ಎರಡು ತುಟಿ. ಪಾಠಕ್ಕೆಂದೇ ನಾನು ಒಂದು ಕೆಟ್ಟ ಮ್ಯಾಗಜಿನ್ ಇಟ್ಟುಕೊಂಡಿದ್ದೇನೆ. ತುಂಬಿದ್ದಾಗ ಕಾಂಕ್ರೀಟ್ ನೆಲಕ್ಕೆ ಬಿದ್ದದ್ದು. ನೋಡಲು ಹೊಸದರಂತೆಯೇ ಇದೆ. ಉಗುರು ಆಡಿಸಿದರೆ ಮಾತ್ರ ಬಲಗಡೆಯ ತುಟಿ ಕೂದಲೆಳೆಯಷ್ಟು ಅಗಲವಾಗಿರುವುದು ಗೊತ್ತಾಗುತ್ತದೆ. ಡಮ್ಮಿ ಗುಂಡು ತುಂಬಿ ಕೊಟ್ಟು ಸ್ಲೈಡ್ (ಹಿಂದೆ ಮುಂದೆ ಜಾರುವ ಪಿಸ್ತೂಲಿನ ಮೇಲ್ಭಾಗ) ಎಳೆಯಲು ಹೇಳುತ್ತೇನೆ. ಎರಡನೆಯದೋ ಮೂರನೆಯದೋ ಸಲಕ್ಕೆ ಒಂದರ ಬದಲು ಎರಡು ಗುಂಡು ಒಟ್ಟಿಗೆ ಮೇಲೆ ಬಂದು ಸಿಕ್ಕಿಕೊಳ್ಳುತ್ತವೆ. ಬಿಡಿಸುವ ಕ್ರಮ ಎಲ್ಲರಿಗೂ ಬಾಯಿಪಾಠ: ಸ್ಲೈಡ್ ಹಿಂದಕ್ಕೆ ಲಾಕ್ ಮಾಡಿ, ಮ್ಯಾಗಜಿನ್ ಕಿತ್ತು ನೆಲಕ್ಕೆ ಬಿಡಿ, ಎರಡು ಮೂರು ಸಲ ಸ್ಲೈಡ್ ಎಳೆದು ಖಾಲಿ ಮಾಡಿ, ಬೇರೆ ಮ್ಯಾಗಜಿನ್ ಹಾಕಿ. ಆಗ ಎಡಗೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಜೇಬು ಖಾಲಿ. ಅಲ್ಲಿಯವರೆಗೆ ವಾದ ಮಾಡಿದವರು ಮುಂದಿನ ಶನಿವಾರ ಎರಡು ಮ್ಯಾಗಜಿನ್ ತಂದಿರುತ್ತಾರೆ. ನನಗೆ ಅದಕ್ಕಿಂತ ಖುಷಿ ಇಲ್ಲ.

ಸೀಟ್ ಬೆಲ್ಟ್ ಒತ್ತಿ, ಪಿಸ್ತೂಲಿನಿಂದ ಮ್ಯಾಗಜಿನ್ ಬಿಡಿಸುವ ರಿಲೀಸ್ ಬಟನ್ ಅದುಮಿಕೊಳ್ಳುವುದೂ ಉಂಟು. ಮ್ಯಾಗಜಿನ್ ಸ್ವಲ್ಪ ಕೆಳಗೆ ಜಾರಿದರೆ ಸಾಕು, ಮುಂದಿನ ಗುಂಡು ಮೇಲೆ ಬರುವುದಿಲ್ಲ.

ಸ್ಪೇರ್ ಎಡಗಡೆ ಇರಲಿ, ಗುಂಡಿನ ಮೂತಿ ಮುಂದಕ್ಕೆ. ತೆಗೆಯುವಾಗ ತೋರುಬೆರಳಿಗೆ ಮೇಲಿನ ಗುಂಡಿನ ಮೂತಿ ತಾಗಬೇಕು. ಆಗ ಕತ್ತಲಲ್ಲೂ ದಿಕ್ಕು ತಪ್ಪುವುದಿಲ್ಲ. ಕೀಲಿ, ಚಿಲ್ಲರೆ ಜೊತೆ ಸುಮ್ನೆ ಹಾಕಿಕೊಳ್ಳಬೇಡಿ. ಜೇಬಿನ ನೂಲು, ಧೂಳು ಒಳಗೆ ಸೇರುತ್ತದೆ. ಭಾರದ ಮಾತಾದರೆ, ಹದಿನೈದು ಗುಂಡು ಹಿಡಿಯುವ ಗ್ಲಾಕ್ 19 ಪಿಸ್ತೂಲಿನ ಮ್ಯಾಗಜಿನ್ ತುಂಬಿದರೂ ಸುಮಾರು ಕಾಲು ಕೆಜಿ. ನಿಮ್ಮದು ಅದಕ್ಕಿಂತ ಕಡಿಮೆ. ಟೆಕ್ಸಸ್ ದಾಟಿ ಹೊರಟರೆ ಮಾತ್ರ ಎಚ್ಚರ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಲ್ಲಿ ಹತ್ತಕ್ಕಿಂತ ಜಾಸ್ತಿ ಹಿಡಿಯುವ ಮ್ಯಾಗಜಿನ್‌ಗೆ ನಿರ್ಬಂಧ ಇದೆ. ಎಚ್-1ಬಿ ವೀಸಾದಲ್ಲಿ ಇರುವವರು ಇದನ್ನು ಓದಿ ಅಂಗಡಿಗೆ ಹೋಗಬೇಡಿ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನಿನಲ್ಲಿ ನಿಮಗೆ ಗನ್ನೂ ಇಲ್ಲ, ಗುಂಡೂ ಇಲ್ಲ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಬಿಡಿ ಗುಂಡು ಇಟ್ಟುಕೊಳ್ಳುವವರು ಊರಿಗೆ ಹೋಗುವ ಮೊದಲು ಬ್ಯಾಗು ನೋಡಿಕೊಳ್ಳಿ. ಬೆಂಗಳೂರು ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಒಂದೇ ಒಂದು ಗುಂಡು ಕಂಡರೂ 1959ರ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಸೆಕ್ಷನ್ ಕೆಳಗೆ ಕೇಸು ಆಗಬಹುದು. ಇಲ್ಲಿ ದಿನಬಳಕೆಯ 9 ಎಂಎಂ ಗುಂಡು ಅಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲದ ಅಳತೆ. ಗೊತ್ತಿದ್ದೂ ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಮರೆತು ಉಳಿದ ಒಂಟಿ ಗುಂಡಿನ ಎಷ್ಟೋ ಕೇಸುಗಳನ್ನು ಹೈಕೋರ್ಟ್‌ಗಳು ರದ್ದು ಮಾಡಿವೆ. ಆದರೆ ಅಲ್ಲಿಯವರೆಗೆ ಠಾಣೆ, ವಕೀಲರು, ಅಲೆದಾಟ. ರಜೆಯಂತೂ ಮುಗಿದುಹೋಗಿರುತ್ತದೆ.

ಅಮ್ಮನನ್ನು ನೋಡಲು ಹೊರಟ ಹಿಂದಿನ ರಾತ್ರಿ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲೂ ಒಂದು ಸಿಕ್ಕಿತು. ಒಳಜೇಬಿನ ಹೊಲಿಗೆ ಬಿಟ್ಟಿತ್ತು. ಅಲ್ಲಿಂದ ಜಾರಿ ಲೈನಿಂಗಿನ ಹಿಂದೆ ಕೂತಿತ್ತು. ಮೇಲಿಂದ ತಡವಿದರೆ ಪೆನ್ನಿನ ಮುಚ್ಚಳದ ಹಾಗೆ ಕೈಗೆ ಸಿಗುತ್ತಿತ್ತು. ರೇಂಜಿಗೆ ಒಯ್ದ ಬ್ಯಾಗನ್ನು ಊರಿಗೆ ಒಯ್ಯಲೇಬೇಡಿ. ಬೇರೆ ಬ್ಯಾಗ್ ಇಲ್ಲವೆಂದರೆ ಮಂಚದ ಮೇಲೆ ಬೋರಲು ಹಾಕಿ ಕೊಡವಿ, ಹೊಲಿಗೆ ಬಿಟ್ಟ ಕಡೆಯೆಲ್ಲ ಬೆರಳು ತೂರಿಸಿ ಮೂಲೆ ಮೂಲೆ ಮುಟ್ಟಿ ನೋಡಿ.